ರೋಗಿಯ ಮಂಚದಿಂದ ಅಧ್ಯಾಪನಪೀಠಕ್ಕೆ



ದತ್ತಿ ಉಪನ್ಯಾಸವೆಂಬುದು ದಾನಿಗಳ ಔದಾರ್ಯವನ್ನು ಸ್ಮರಿಸುವ ಸಂದರ್ಭವಾಗಿರುವಂತೆಯೇ, ದಿನನಿತ್ಯದ ಕಾರ್ಯಭಾರದ ನಡುವೆ ಯಾರೂ ನಿಂತು ಯೋಚಿಸದ ಒಂದು ವಿಷಯವನ್ನು ಸಾವಧಾನವಾಗಿ ವಿಚಾರಮಾಡಲು ಸಮಾಜವು ತನಗೆ ತಾನೇ ಮಾಡಿಕೊಂಡಿರುವ ಏರ್ಪಾಡೂ ಆಗಿದೆ. ಆ ಅವಕಾಶವನ್ನು ನನಗೆ ಕೃಪೆಮಾಡಿದ ಸಂಚಾಲಕರಿಗೆ ವಂದಿಸಿ, ನಾನು ಇಂದು ಆರಿಸಿಕೊಂಡಿರುವ ವಿಷಯವನ್ನು ಮೊದಲಿಗೇ ನಿವೇದಿಸುತ್ತೇನೆ. ಆಸ್ಪತ್ರೆಯ ವಾರ್ಡಿನಲ್ಲಿ ಹಲವು ವರ್ಷ ಹಗಲುರಾತ್ರಿ ಪಾಳಿಗಳಲ್ಲಿ ದುಡಿದು ನುರಿತ ನರ್ಸೊಬ್ಬಳು ವಿಶ್ವವಿದ್ಯಾನಿಲಯದ ಅಧ್ಯಾಪಕಿಯಾಗಿ ಬಂದಾಗ ಆಕೆಗೆ ಒದಗುವ ಕಷ್ಟಗಳಾವುವು, ಆ ಕಷ್ಟಗಳಲ್ಲಿ ಆಕೆಗೆ ಬೆಂಬಲವಾಗಿ ನಿಲ್ಲಬೇಕಾದವರಾರು, ಆ ಬೆಂಬಲದ ಸ್ವರೂಪವೇನು ಎಂಬುದೇ ಆ ವಿಷಯ. ಈ ವೃತ್ತಿಯಲ್ಲಿ ಇಂದು ಪುರುಷರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ನಾನು ‘ಆಕೆ’ ಎಂದಲ್ಲೆಲ್ಲ ಅವರೂ ಸೇರಿದ್ದಾರೆಂದು ಸಭಿಕರು ಭಾವಿಸಿಕೊಳ್ಳಬೇಕು.

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರು, ತಮ್ಮಲ್ಲಿ ಮೇಲಾದವರು ಯಾರೆಂಬ ವಿವಾದವನ್ನು ಹೊತ್ತು ರಾಜನ ಸನ್ನಿಧಿಗೆ ಬರುವರಷ್ಟೆ. ತೀರ್ಪುಗಾರಳಾಗಿ ಒದಗಿದ ಪರಿವ್ರಾಜಿಕೆ ಕೌಶಿಕಿ ಅಲ್ಲಿ ಆಡುವ ಮಾತಿನ ತಾತ್ಪರ್ಯವು ಅಧ್ಯಾಪಕರೆಲ್ಲರೂ ಮನನಮಾಡತಕ್ಕದ್ದು. ಕೆಲವರಲ್ಲಿ ವಿದ್ಯೆಯು ಅವರೊಳಗೇ ಚೆನ್ನಾಗಿ ನೆಲಸಿರುತ್ತದೆ. ಮತ್ತೆ ಕೆಲವರಲ್ಲಿ ಅದನ್ನು ಇನ್ನೊಬ್ಬರಿಗೆ ದಾಟಿಸುವ ಸಾಮರ್ಥ್ಯವು ವಿಶೇಷವಾಗಿರುತ್ತದೆ. ಎರಡೂ ಯಾರಲ್ಲಿ ಕೂಡಿವೆಯೋ ಅವರನ್ನೇ ಶಿಕ್ಷಕರ ಮುಂದಾಳಾಗಿ ನಿಲ್ಲಿಸಬೇಕು ಎಂದು ಆಕೆ ಹೇಳುತ್ತಾಳೆ. ಆಚಾರ್ಯರ ಯೋಗ್ಯತೆಯನ್ನು ಅಳೆಯುವುದಕ್ಕೆ ಅವರ ನರ್ತನವನ್ನು ನೋಡದೆ ಶಿಷ್ಯರ ಪ್ರಯೋಗವನ್ನೇ ನೋಡಬೇಕೆಂದು ಅಲ್ಲಿ ನಿಶ್ಚಯವಾಗುವುದೂ ಅರ್ಥಗರ್ಭಿತವಾಗಿದೆ. ವಿದ್ಯೆ ಇರುವುದು ಬೇರೆ, ವಿದ್ಯೆಯನ್ನು ದಾಟಿಸುವುದು ಬೇರೆ. ಮೊದಲನೆಯದು ಇದ್ದಮಾತ್ರಕ್ಕೆ ಎರಡನೆಯದು ತಾನಾಗಿಯೇ ಬಂದುಬಿಡುವುದಿಲ್ಲ. ಇಷ್ಟು ಸರಳವಾದ ಸತ್ಯವನ್ನು ನಮ್ಮ ವಿದ್ಯಾಸಂಸ್ಥೆಗಳು ಬಾಯಲ್ಲಿ ಒಪ್ಪಿ ನಡೆಯಲ್ಲಿ ಮರೆಯುತ್ತಿವೆಯೆಂಬುದೇ ನನ್ನ ಇಂದಿನ ಆಕ್ಷೇಪ.

ಮೊದಲು, ನುರಿತ ನರ್ಸಿನಲ್ಲಿ ನೆಲಸಿರುವ ವಿದ್ಯೆ ಯಾವ ಬಗೆಯದೆಂಬುದನ್ನು ನೋಡೋಣ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ವೈದ್ಯ, ಔಷಧದ್ರವ್ಯ, ರೋಗಿ ಇವರೊಡನೆ ಸಮಾನವಾದ ಪಂಕ್ತಿಯಲ್ಲಿ ಉಪಚಾರಕನನ್ನು ಕೂರಿಸಿ, ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ ಎಂಬ ನಾಲ್ಕು ಗುಣಗಳನ್ನು ಅವನಲ್ಲಿ ಅಪೇಕ್ಷಿಸುತ್ತದೆ. ಈ ನಾಲ್ಕರಲ್ಲಿ ಮೊದಲನೆಯದನ್ನು ಅಷ್ಟಿಷ್ಟು ಪುಸ್ತಕದಿಂದ ಪಡೆಯಬಹುದಾದರೂ ಉಳಿದವು ಅಭ್ಯಾಸದಿಂದಲೇ ಸಿದ್ಧಿಸತಕ್ಕವು. ಶಸ್ತ್ರಚಿಕಿತ್ಸೆಯಾದ ರಾತ್ರಿ ತರುಣ ರೋಗಿಯೊಬ್ಬನ ರಕ್ತದೊತ್ತಡವು ಕೇಸ್ ಷೀಟಿನಲ್ಲಿ ಇನ್ನೂ ಸರಿಯಾಗಿಯೇ ಇರುತ್ತದೆ. ಆದರೆ ಗಂಟೆಯ ಹಿಂದೆ ನಿಮಿಷಕ್ಕೆ 84 ಇದ್ದ ನಾಡಿ 110ಕ್ಕೆ ಏರಿದೆ, ಅಂಗೈ ತಣ್ಣಗಾಗಿ ಬೆವರಿದೆ, ಮಾತಿನಲ್ಲಿ ಕಾರಣವಿಲ್ಲದ ಚಡಪಡಿಕೆ ಕಾಣಿಸಿದೆ. ಹೊಸಬಳು ಒತ್ತಡದ ಅಂಕಿಯನ್ನು ನೋಡಿ ಸಮಾಧಾನಪಟ್ಟುಕೊಂಡರೆ, ನುರಿತವಳು ಒಡಲೊಳಗೆ ರಕ್ತಸ್ರಾವವಾಗುತ್ತಿರಬಹುದೆಂದು ಶಂಕಿಸಿ ವೈದ್ಯರನ್ನು ಎಬ್ಬಿಸುತ್ತಾಳೆ. ಪ್ರಾಯದ ದೇಹವು ರಕ್ತ ಕಳೆದುಕೊಳ್ಳುತ್ತಿದ್ದರೂ ಬಹಳ ಹೊತ್ತಿನವರೆಗೆ ಒತ್ತಡವನ್ನು ಹಿಡಿದಿಟ್ಟುಕೊಂಡು ಆಮೇಲೆ ಒಮ್ಮೆಲೇ ಕುಸಿಯುವುದೆಂಬ ಶಾಸ್ತ್ರವನ್ನು ಇಬ್ಬರೂ ಓದಿರುತ್ತಾರೆ. ಆ ಶಾಸ್ತ್ರವು ಆ ಮಂಚದ ಬದಿಯಲ್ಲಿ ಆ ಕ್ಷಣಕ್ಕೆ ಒದಗಿಬರುವುದು ಒಬ್ಬಳಿಗೆ ಮಾತ್ರ.

ಅಮೆರಿಕದ ಪೆಟ್ರೀಷಿಯಾ ಬೆನ್ನರ್ ಎಂಬ ವಿದುಷಿಯು ಈ ಅಂತರವನ್ನೇ ಅಧ್ಯಯನದ ವಸ್ತುವಾಗಿಸಿಕೊಂಡು, ನರ್ಸುಗಳನ್ನು ಸಂದರ್ಶಿಸಿ, ಅವರ ಕೆಲಸವನ್ನು ಕಣ್ಣಾರೆ ಕಂಡು, 1984ರಲ್ಲಿ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದಳು. ವಿಮಾನಚಾಲಕರನ್ನೂ ಚದುರಂಗದ ಆಟಗಾರರನ್ನೂ ಪರಿಶೀಲಿಸಿ ಡ್ರೈಫಸ್ ಸೋದರರು ರೂಪಿಸಿದ್ದ ಕ್ರಮವನ್ನು ಅನುಸರಿಸಿ, ನರ್ಸು ಹೊಸಬಳ ಸ್ಥಿತಿಯಿಂದ ಪರಿಣತಳ ಸ್ಥಿತಿಗೆ ಐದು ಮೆಟ್ಟಿಲುಗಳನ್ನು ಏರುವಳೆಂದು ಆಕೆ ನಿರೂಪಿಸಿದಳು. ಕೆಳಗಿನ ಮೆಟ್ಟಿಲಿನಲ್ಲಿರುವವಳು ನಿಯಮವನ್ನು ಹಿಡಿದು ನಡೆಯುತ್ತಾಳೆ. ಮೇಲಿನ ಮೆಟ್ಟಿಲಿನಲ್ಲಿರುವವಳಿಗೆ ಪರಿಸ್ಥಿತಿಯು ಅಖಂಡವಾಗಿ ಒಮ್ಮೆಗೇ ಗೋಚರವಾಗುತ್ತದೆ, ಮತ್ತು ಹೇಗೆ ಗೋಚರವಾಯಿತೆಂದು ಕೇಳಿದರೆ ವಿವರಿಸುವುದು ಅವಳಿಗೇ ದುಸ್ಸಾಧ್ಯವಾಗುತ್ತದೆ. ಅಧ್ಯಾಪನದ ದೃಷ್ಟಿಯಿಂದ ಈ ಕಡೆಯ ಮಾತು ಅತ್ಯಂತ ಮುಖ್ಯವಾದುದು. ಪರಿಣತಿಯು ಹೆಚ್ಚಿದಷ್ಟೂ ಅದರ ಹೆಜ್ಜೆಗಳು ಪರಿಣತಳಿಗೇ ಮರೆಯಾಗುತ್ತವೆ. ಆದರೆ ಶಿಷ್ಯೆಗೆ ಬೇಕಾದುದು ಆ ಹೆಜ್ಜೆಗಳೇ. ಆದುದರಿಂದ ವಾರ್ಡಿನ ಅತ್ಯುತ್ತಮ ನರ್ಸು ತರಗತಿಯ ಮೊದಲ ದಿನಗಳಲ್ಲಿ ತೊದಲುವಳಾದರೆ ಅದು ಆಕೆಯ ಅಯೋಗ್ಯತೆಗೆ ಸಾಕ್ಷಿಯಲ್ಲ. ಆಕೆಯ ಪರಿಣತಿಯ ಸಹಜ ಪರಿಣಾಮವೇ ಅದು.

ಇಂತಹ ಪರಿಣತೆಯು ಅಧ್ಯಾಪಕಿಯಾಗಿ ಬಂದ ದಿನ ಏನಾಗುತ್ತದೆ? ನಿನ್ನೆಯವರೆಗೆ ಕಿರಿಯರೆಲ್ಲರೂ ಸಲಹೆಗಾಗಿ ಬಳಿಗೆ ಬರುತ್ತಿದ್ದ ಹಿರಿಯ ಸಿಸ್ಟರ್ ಇಂದು ಪಾಠಕ್ರಮ, ಪಾಠಯೋಜನೆ, ಆಂತರಿಕ ಮೌಲ್ಯಮಾಪನ, ಪ್ರಶ್ನಪತ್ರಿಕೆ, ಲಾಗ್ ಬುಕ್ ಎಂಬ ಅಪರಿಚಿತ ವ್ಯವಹಾರಗಳ ನಡುವೆ ಎಲ್ಲರಿಗಿಂತ ಹೊಸಬಳಾಗಿ ಕುಳಿತಿರುತ್ತಾಳೆ. ಆದರೆ ಇವೆಲ್ಲ ಹೊರಗಿನ ತೊಡಕುಗಳು, ವರ್ಷದೊಳಗೆ ಕಲಿತುಕೊಳ್ಳಬಹುದಾದವು. ಒಳಗಿನ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ವಾರ್ಡಿನಲ್ಲಿ ಆಕೆಯ ಕರ್ತವ್ಯವೆಂದರೆ ಅಗತ್ಯವನ್ನು ಕಂಡೊಡನೆ ಕೈಹಾಕುವುದು. ಅಧ್ಯಾಪನದಲ್ಲಿ ಆಕೆಯ ಕರ್ತವ್ಯವೆಂದರೆ ಬಹುಮಟ್ಟಿಗೆ ಕೈಯನ್ನು ತಡೆಹಿಡಿಯುವುದು. ವಿದ್ಯಾರ್ಥಿನಿಯು ಅಭಿಧಮನಿಗೆ ಕ್ಯಾನುಲಾ ಹಾಕಲು ನಡುಗುವ ಕೈಯಿಂದ ತೊಡಗಿರುವಾಗ, ರೋಗಿಗೆ ಅಪಾಯವಾಗದಂತೆಯೂ ವಿದ್ಯಾರ್ಥಿನಿಯ ಕಲಿಕೆಗೆ ಭಂಗವಾಗದಂತೆಯೂ ಎಷ್ಟು ಕಾಲ ಸುಮ್ಮನೆ ನಿಲ್ಲಬೇಕು, ಯಾವ ಕ್ಷಣದಲ್ಲಿ ಮಧ್ಯೆ ಪ್ರವೇಶಿಸಬೇಕು, ಪ್ರವೇಶಿಸಿದ ಮೇಲೆ ರೋಗಿಯ ಎದುರಿನಲ್ಲಿ ಆ ಹುಡುಗಿಯ ಮಾನವನ್ನು ಹೇಗೆ ಕಾಯಬೇಕು ಎಂಬ ವಿವೇಚನೆಯು ಸಾಮಾನ್ಯವಾದುದಲ್ಲ. ಆಮೇಲೆ ಆಕೆಯನ್ನು ಪಕ್ಕಕ್ಕೆ ಕರೆದು, ‘ಏನನ್ನು ಕಂಡೆ, ಏಕೆ ಹಾಗೆ ಭಾವಿಸಿದೆ, ಮುಂದಿನ ಸಲ ಏನು ಮಾಡುವೆ?’ ಎಂದು ಕೇಳಿ, ಉತ್ತರವನ್ನು ತಾನೇ ಹೇಳಿಬಿಡದೆ ಕಾಯುವುದೂ ಒಂದು ವಿದ್ಯೆಯೇ. ಈ ವಿದ್ಯೆಯನ್ನು ಯಾರೂ ಹುಟ್ಟಿನಿಂದ ತರುವುದಿಲ್ಲ; ಮತ್ತೊಬ್ಬ ಅನುಭವಿ ಅಧ್ಯಾಪಕಿಯು ಬಳಿಯಲ್ಲಿ ನಿಂತು ಕಲಿಸಬೇಕು.

ಶುಶ್ರೂಷಾಶಿಕ್ಷಣದ ಇತಿಹಾಸವನ್ನು ಅವಲೋಕಿಸಿದರೆ, ಈ ಅಗತ್ಯವು ಹಿಂದಿನವರಿಗೆ ನಮಗಿಂತ ಸ್ಪಷ್ಟವಾಗಿ ಕಂಡಿತ್ತೆಂದು ತೋರುತ್ತದೆ. ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನ ನಿಧಿಯಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ತೆರೆದ ಶಾಲೆಯಲ್ಲಿ ವಾರ್ಡಿನ ಸಿಸ್ಟರೇ ಗುರುವೂ ಆಗಿದ್ದಳು; ಕೆಲಸವೂ ಪಾಠವೂ ಒಂದೇ ಮಾಡಿನ ಕೆಳಗೆ ಒಬ್ಬಳ ಕೈಯಲ್ಲೇ ನಡೆಯುತ್ತಿದ್ದುವು. ಆ ಪದ್ಧತಿಯು ದೇಶದೇಶಗಳಿಗೆ ಹಬ್ಬಿದಂತೆ ವಿದ್ಯಾರ್ಥಿನಿಯನ್ನು ಅಗ್ಗದ ಕೆಲಸಗಾರ್ತಿಯಾಗಿ ಬಳಸಿಕೊಳ್ಳುವ ದೋಷವೂ ಬೆಳೆಯಿತಾದುದರಿಂದ, ಶಿಕ್ಷಣವನ್ನು ವಿಶ್ವವಿದ್ಯಾನಿಲಯಕ್ಕೆ ಒಯ್ಯಬೇಕೆಂಬ ಪ್ರಯತ್ನ ಮೊದಲಾಯಿತು. ಆ ಪ್ರಯತ್ನದ ಮೊದಲ ಹೆಜ್ಜೆಯೇ ಗಮನಾರ್ಹವಾಗಿದೆ. 1899ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನಲ್ಲಿ ಆರಂಭವಾದ ತರಗತಿಯು ಹೊಸ ಹುಡುಗಿಯರಿಗಾಗಿ ಏರ್ಪಟ್ಟುದಲ್ಲ. ಆಗಲೇ ತರಬೇತಿ ಪಡೆದು ಅನುಭವ ಗಳಿಸಿದ್ದ ನರ್ಸುಗಳನ್ನು ಶಿಕ್ಷಕಿಯರನ್ನಾಗಿಯೂ ಆಸ್ಪತ್ರೆಯ ಮೇಲ್ವಿಚಾರಕಿಯರನ್ನಾಗಿಯೂ ಸಿದ್ಧಪಡಿಸುವುದೇ ಅದರ ಉದ್ದೇಶವಾಗಿತ್ತು. ಅದೇ ಕಾಲೇಜಿನಲ್ಲಿ 1907ರಲ್ಲಿ ಅಡಿಲೇಡ್ ನಟಿಂಗ್ ಪ್ರಾಧ್ಯಾಪಕ ಪದವಿಯನ್ನು ಪಡೆದು, ಜಗತ್ತಿನಲ್ಲಿ ಆ ಪದವಿಗೇರಿದ ಮೊದಲ ನರ್ಸೆಂದು ಖ್ಯಾತಳಾದಳು. ಬ್ರಿಟನ್ನಿನಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವು 1956ರಲ್ಲಿ ನರ್ಸಿಂಗ್ ಅಧ್ಯಯನಕ್ಕೆ ಎಡೆಮಾಡಿಕೊಟ್ಟು, 1971ರಲ್ಲಿ ಅದರ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಿತು. ಕಲಿಸುವವರನ್ನು ಮೊದಲು ಸಿದ್ಧಪಡಿಸಿದ ಮೇಲೆ ಕಲಿಯುವವರನ್ನು ಕರೆಯಬೇಕೆಂಬ ಕ್ರಮವನ್ನು ಕೊಲಂಬಿಯಾದ ಉದಾಹರಣೆಯಲ್ಲಿ ಸ್ಪಷ್ಟವಾಗಿ ಕಾಣಬಹುದು.

ನಮ್ಮ ದೇಶವೂ ಈ ವಿಷಯದಲ್ಲಿ ತೀರ ಹಿಂದುಳಿದುದಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ, 1946ರಲ್ಲಿಯೇ, ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ನರ್ಸಿಂಗ್ ಪದವಿತರಗತಿಗಳು ಮೊದಲಾದುವು. ದೇಶದ ಆರೋಗ್ಯವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ ವರದಿ ಬಂದುದೂ ಅದೇ ವರ್ಷ. 1947ರ ಕಾನೂನಿನಿಂದ ಭಾರತೀಯ ನರ್ಸಿಂಗ್ ಪರಿಷತ್ತು ಏರ್ಪಟ್ಟಿತು; 1959ರಲ್ಲಿ ದೆಹಲಿಯ ಕಾಲೇಜಿನಲ್ಲಿ ಸ್ನಾತಕೋತ್ತರ ತರಗತಿ ತೆರೆಯಿತು. ನಮ್ಮ ಬೆಂಗಳೂರಿನಲ್ಲಿ, ಇಂದು ನಿಮ್ಹಾನ್ಸ್ ಎಂದು ಪ್ರಸಿದ್ಧವಾಗಿರುವ ಸಂಸ್ಥೆಯ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು, ಕಳೆದ ಶತಮಾನದ ಐವತ್ತರ ದಶಕದಲ್ಲಿಯೇ ಮನೋರೋಗ ಶುಶ್ರೂಷೆಯಲ್ಲಿ ಡಿಪ್ಲೊಮಾ ಶಿಕ್ಷಣವನ್ನು ಕೊಡತೊಡಗಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ ರಾಜ್ಯದ ನರ್ಸಿಂಗ್ ಕಾಲೇಜುಗಳು ಒಂದೇ ಛತ್ರದ ಕೆಳಗೆ ಬಂದುವು. ಕಾಲೇಜುಗಳ ಸಂಖ್ಯೆಯಲ್ಲಿ ಕರ್ನಾಟಕವು ದೇಶದ ಮುಂಚೂಣಿಯಲ್ಲಿದ್ದು, ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ಕಾಲೇಜುಗಳು ಹೆಚ್ಚಿದುವು, ಅವಕ್ಕೆ ತಕ್ಕ ಅಧ್ಯಾಪಕರು ಎಲ್ಲಿಂದ ಬರಬೇಕೆಂಬ ಪ್ರಶ್ನೆ ಮಾತ್ರ ಅದೇ ಪ್ರಮಾಣದಲ್ಲಿ ಚಿಂತಿತವಾಗಲಿಲ್ಲ.

ಇದರ ಫಲವಾಗಿ ನಮ್ಮಲ್ಲಿ ಅಧ್ಯಾಪನಕ್ಕೆ ಬರುವ ಹಾದಿಗಳು ಎರಡಾಗಿವೆ, ಮತ್ತು ಎರಡರಲ್ಲಿಯೂ ಒಂದೊಂದು ಊನವಿದೆ. ಮೊದಲನೆಯ ಹಾದಿ ತರುಣಿಯದು. ಆಕೆ ಬಿ.ಎಸ್ಸಿ. ಮುಗಿಸಿ, ನಿಯಮವು ಕೇಳುವ ಒಂದು ವರ್ಷದ ಅನುಭವವನ್ನು ಪೂರೈಸಿ, ಎರಡು ವರ್ಷದ ಎಂ.ಎಸ್ಸಿ. ಪದವಿಯನ್ನು ಪಡೆದು ಕಾಲೇಜಿಗೆ ಸೇರುತ್ತಾಳೆ. ಸ್ನಾತಕೋತ್ತರ ಪಾಠಕ್ರಮದಲ್ಲಿ ಶಿಕ್ಷಣಶಾಸ್ತ್ರವೂ ಒಂದು ವಿಷಯವಾಗಿರುವುದರಿಂದ ಪಾಠಯೋಜನೆಯ ರೀತಿ ಆಕೆಗೆ ಗೊತ್ತು. ಆದರೆ ಒಂದು ವರ್ಷದಲ್ಲಿ ಎಷ್ಟು ರಾತ್ರಿಗಳ ವಾರ್ಡನ್ನು ಆಕೆ ಕಂಡಿರಲು ಸಾಧ್ಯ? ಎರಡನೆಯ ಹಾದಿ ಅನುಭವಿಯದು. ಜನರಲ್ ನರ್ಸಿಂಗ್ ಡಿಪ್ಲೊಮಾ ಪಡೆದು ಹದಿನೈದು ಇಪ್ಪತ್ತು ವರ್ಷ ದುಡಿದ ಹಿರಿಯ ನರ್ಸು, ಕಾಲೇಜಿನಲ್ಲಿ ಪೂರ್ಣ ಅಧ್ಯಾಪಕಿಯಾಗಿ ಬೆಳೆಯಬೇಕಾದರೆ, ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಯನ್ನೂ ಆಮೇಲೆ ಎರಡು ವರ್ಷದ ಎಂ.ಎಸ್ಸಿ.ಯನ್ನೂ ಮುಗಿಸಬೇಕು. ಸಂಸಾರಭಾರ, ಮಕ್ಕಳ ಓದು, ವೃದ್ಧರಾದ ಅತ್ತೆಮಾವಂದಿರ ಆರೈಕೆ ಇವುಗಳ ನಡುವೆ ನಾಲ್ಕು ವರ್ಷ ವೇತನವನ್ನು ಬಿಟ್ಟು ಓದಲು ಎಷ್ಟು ಮಂದಿಗೆ ಸಾಧ್ಯವಾದೀತು? ಹೀಗೆ ಶಾಸ್ತ್ರವುಳ್ಳವಳು ಅನುಭವವಿಲ್ಲದೆ ಪೀಠವನ್ನೇರುತ್ತಾಳೆ. ಅನುಭವವುಳ್ಳವಳು ಪೀಠದ ಮೆಟ್ಟಿಲಿನಲ್ಲಿಯೇ ನಿಲ್ಲುತ್ತಾಳೆ. ಶಾಸ್ತ್ರವೊಂದನ್ನೇ ಅಥವಾ ಕರ್ಮವೊಂದನ್ನೇ ಬಲ್ಲ ವೈದ್ಯನನ್ನು ಸುಶ್ರುತನು ಒಂದೇ ರೆಕ್ಕೆಯ ಹಕ್ಕಿಗೆ ಹೋಲಿಸಿದನಷ್ಟೆ. ನಮ್ಮ ವ್ಯವಸ್ಥೆಯು ಅಂತಹ ಎರಡು ಬಗೆಯ ಹಕ್ಕಿಗಳನ್ನು ಬೇರೆಬೇರೆ ಗೂಡುಗಳಲ್ಲಿ ಸಾಕುತ್ತಿದೆ.

ಹಾಗಾದರೆ ಅನುಭವಿಯನ್ನು ಕಾಲೇಜಿನೊಳಕ್ಕೆ ಕರೆತಂದುಬಿಟ್ಟರೆ ಸಮಸ್ಯೆ ಪರಿಹಾರವಾಯಿತೆ? ಇಲ್ಲವೆಂಬುದನ್ನು ಇಂಗ್ಲೆಂಡಿನ ಅನುಭವವು ತೋರಿಸುತ್ತದೆ. ಅಲ್ಲಿ ತೊಂಬತ್ತರ ದಶಕದಲ್ಲಿ ಆಸ್ಪತ್ರೆಯ ನರ್ಸಿಂಗ್ ಶಾಲೆಗಳು ವಿಶ್ವವಿದ್ಯಾನಿಲಯಗಳಲ್ಲಿ ಲೀನವಾದುವು. ವಾರ್ಡಿನ ಪರಿಣತರು ದೊಡ್ಡ ಸಂಖ್ಯೆಯಲ್ಲಿ ಉಪನ್ಯಾಸಕರಾದರು. ಅಂತಹ ಹೊಸ ಉಪನ್ಯಾಸಕರನ್ನು ಕುರಿತು ಬಾಯ್ಡ್ ಮತ್ತು ಲಾಲಿ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದುಬರುವುದೇನೆಂದರೆ, ಹೊಸಬರು ವಿದ್ವಾಂಸರೆಂಬ ಹೊಸ ಗುರುತನ್ನು ಬೇಗ ಒಪ್ಪಿಕೊಳ್ಳದೆ, ವೃತ್ತಿನಿರತ ನರ್ಸು ಎಂಬ ಹಳೆಯ ಗುರುತಿಗೇ ಅಂಟಿಕೊಳ್ಳುತ್ತಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವಿದ್ಯಾರ್ಥಿಗಳ ಮುಂದೆ ಆಕೆಗಿರುವ ಗೌರವವು ವಾರ್ಡಿನಿಂದ ಬಂದದ್ದು. ವಿಶ್ವವಿದ್ಯಾನಿಲಯವು ಕೇಳುವುದಾದರೋ ಸಂಶೋಧನಲೇಖನಗಳನ್ನು. ಒಂದನ್ನು ಬಿಟ್ಟುಕೊಟ್ಟರೆ ಶಿಷ್ಯರೆದುರು ಹಗುರವಾಗುವೆನೆಂಬ ಭಯ, ಇನ್ನೊಂದನ್ನು ಕಡೆಗಣಿಸಿದರೆ ಬಡ್ತಿಗೆ ಎರವಾಗುವೆನೆಂಬ ಭಯ. ಜೊತೆಗೆ, ವಾರ್ಡನ್ನು ಬಿಟ್ಟು ವರ್ಷಗಳು ಕಳೆದಂತೆ ಹೊಸ ಯಂತ್ರಗಳು, ಹೊಸ ಔಷಧಗಳು, ಹೊಸ ವಿಧಿಗಳು ಬಂದು, ಯಾವ ಅನುಭವದ ಬಲದಿಂದ ಆಕೆ ಪೀಠಕ್ಕೆ ಬಂದಳೋ ಆ ಅನುಭವವೇ ಹಳತಾಗುತ್ತ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ನರ್ಸಿಂಗ್ ಅಧ್ಯಾಪಕರಿಗೆ ಇರಬೇಕಾದ ಸಾಮರ್ಥ್ಯಗಳನ್ನು ಎಂಟು ವಿಭಾಗಗಳಲ್ಲಿ ನಿರೂಪಿಸಿದಾಗ ಬೋಧನೆ, ಸಂಶೋಧನೆಗಳ ಜೊತೆಯಲ್ಲಿ ಶುಶ್ರೂಷಾಕರ್ಮವನ್ನೂ ಒಂದು ವಿಭಾಗವಾಗಿ ಸೇರಿಸಿದ್ದು ಈ ಕಾರಣದಿಂದಲೇ ಉಚಿತವಾಗಿದೆ.

ಇನ್ನು ಬೆಂಬಲದ ಸ್ವರೂಪಕ್ಕೆ ಬರುತ್ತೇನೆ. ಮೊದಲನೆಯದು ಕಾಲ. ಹೊಸ ಅಧ್ಯಾಪಕಿಗೆ ಸೇರಿದ ವಾರದಲ್ಲಿಯೇ ಪೂರ್ಣ ಪಾಠಭಾರವನ್ನೂ ಹಾಸ್ಟೆಲ್ ವಾರ್ಡನ್ನಿನ ಕೆಲಸವನ್ನೂ ತಪಾಸಣೆಯ ಕಡತಗಳನ್ನೂ ಹೊರಿಸುವ ಪದ್ಧತಿಯನ್ನು ನಿಲ್ಲಿಸಿ, ಮೊದಲ ವರ್ಷದಲ್ಲಿ ಪಾಠದ ಹೊರೆಯನ್ನು ಅರ್ಧಕ್ಕೆ ಇಳಿಸಬೇಕು. ಉಳಿದ ಕಾಲದಲ್ಲಿ ಹಿರಿಯರ ತರಗತಿಯಲ್ಲಿ ಕುಳಿತು ನೋಡುವುದಕ್ಕೂ ತನ್ನ ತರಗತಿಯನ್ನು ಅವರು ನೋಡಿ ತಿದ್ದುವುದಕ್ಕೂ ಅವಕಾಶವಿರಬೇಕು. ಎರಡನೆಯದು ಮಾರ್ಗದರ್ಶಿ. ಈ ಮಾರ್ಗದರ್ಶಿಯು ಆಕೆಯ ವಾರ್ಷಿಕ ವರದಿಯನ್ನು ಬರೆಯುವ ಅಧಿಕಾರಿಯಾಗಿರಬಾರದು; ತಿಳಿಯದುದನ್ನು ತಿಳಿಯದೆಂದು ಹೇಳಿಕೊಳ್ಳಲು ಅಧಿಕಾರದ ಎದುರು ಯಾರಿಗೂ ಧೈರ್ಯವಿರುವುದಿಲ್ಲ.

ಮೂರನೆಯದು, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕೂ ಮುಖ್ಯವಾದುದು, ಕಾಲೇಜಿಗೂ ಆಸ್ಪತ್ರೆಗೂ ಸೇರಿದ ಜಂಟಿ ಹುದ್ದೆ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ನರ್ಸಿಂಗ್ ಅಧ್ಯಾಪಕರು ವಾರ್ಡಿನ ಹೊಣೆಯನ್ನೂ ಹೊರುವ ಸಂಪ್ರದಾಯವು ಬಹುಕಾಲದಿಂದ ನಡೆದುಬಂದಿದೆ. ಅಲ್ಲಿ ಕಲಿಸುವವರು ಶುಶ್ರೂಷೆಯಿಂದ ದೂರವಾಗುವ ಪ್ರಸಂಗವೇ ಕಡಮೆ. ಪ್ರತಿಯೊಂದು ಕಾಲೇಜಿಗೂ ಅಷ್ಟು ದೊಡ್ಡ ಆಸ್ಪತ್ರೆಯಿಲ್ಲವೆಂಬುದು ನಿಜ. ಆದರೆ ಜಿಲ್ಲಾ ಆಸ್ಪತ್ರೆಯೊಡನೆ ಒಪ್ಪಂದ ಮಾಡಿಕೊಂಡು, ವಾರದಲ್ಲಿ ಒಂದೆರಡು ದಿನ ಅಧ್ಯಾಪಕಿಯು ಅಲ್ಲಿ ಹೊಣೆಹೊತ್ತು ಡ್ಯೂಟಿ ಮಾಡುವಂತೆಯೂ, ಅಲ್ಲಿಯ ಹಿರಿಯ ಶುಶ್ರೂಷಾಧಿಕಾರಿಯು ಗೌರವಧನ ಪಡೆದು ಕಾಲೇಜಿನ ವಿದ್ಯಾರ್ಥಿಗಳಿಗೆ ಕಲಿಸುವಂತೆಯೂ ಏರ್ಪಡಿಸಲು ಯಾವ ಕಾನೂನಿನ ಅಡ್ಡಿಯೂ ನನಗೆ ಕಾಣದು. 2021ರಲ್ಲಿ ಪರಿಷ್ಕೃತವಾದ ಬಿ.ಎಸ್ಸಿ. ಪಾಠಕ್ರಮವು ಸಾಮರ್ಥ್ಯಕ್ಕೆ ಪ್ರಾಧಾನ್ಯ ಕೊಟ್ಟು, ವಾರ್ಡಿನಲ್ಲಿಯೇ ನಿಂತು ಕಲಿಸುವ ಪ್ರಿಸೆಪ್ಟರ್ ಎಂಬ ಸ್ಥಾನವನ್ನು ಅಂಗೀಕರಿಸಿರುವುದು ಈ ದಿಕ್ಕಿನಲ್ಲಿ ಸ್ವಾಗತಾರ್ಹವಾದುದು. ಆ ಪ್ರಿಸೆಪ್ಟರಿಗೆ ಕಲಿಸುವ ರೀತಿಯಲ್ಲಿ ಕೆಲವು ವಾರಗಳ ತರಬೇತಿ ಕೊಟ್ಟು, ಕಲಿಸುವ ದಿನ ಆಕೆಯ ರೋಗಿಗಳ ಸಂಖ್ಯೆಯನ್ನು ಕಡಮೆ ಮಾಡಿದರೆ, ಮುಂದಿನ ಅಧ್ಯಾಪಕಿಯು ಅಲ್ಲಿಯೇ ಸಿದ್ಧಳಾಗುತ್ತಾಳೆ.

ನಾಲ್ಕನೆಯದು ಸಂಶೋಧನೆಯ ದೀಕ್ಷೆ. ರಾಜೀವ್ ಗಾಂಧಿ ವಿಶ್ವವಿದ್ಯಾನಿಲಯದ ಸಹಯೋಗದಿಂದ ಭಾರತೀಯ ನರ್ಸಿಂಗ್ ಪರಿಷತ್ತು ಪಿಎಚ್.ಡಿ.ಗಾಗಿ ರಾಷ್ಟ್ರೀಯ ಒಕ್ಕೂಟವೊಂದನ್ನು ಏರ್ಪಡಿಸಿರುವುದು ನಮಗೆ ಹೆಮ್ಮೆಯ ವಿಷಯ. ವಾರ್ಡಿನಿಂದ ಬಂದವಳ ಬಳಿ ಪ್ರಶ್ನೆಗಳ ಭಂಡಾರವೇ ಇರುತ್ತದೆ. ಹಾಸಿಗೆಹುಣ್ಣು ಈ ವಾರ್ಡಿನಲ್ಲಿ ಹೆಚ್ಚೇಕೆ, ಪಾಳಿ ಬದಲಾಗುವಾಗ ಯಾವ ಸಂಗತಿಗಳು ಮುಂದಿನವರಿಗೆ ತಲುಪದೆ ಹೋಗುತ್ತವೆ, ಮನೆಗೆ ಹೋದ ರೋಗಿಯು ಇನ್ಸುಲಿನ್ನನ್ನು ಏಕೆ ನಿಲ್ಲಿಸಿಬಿಡುತ್ತಾನೆ ಎಂಬಂಥವು ಅವು. ಆಕೆಗಿಲ್ಲದಿರುವುದು ಆ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ವಿಧಾನ ಮಾತ್ರ. ಅದನ್ನು ಕಲಿಸಿಕೊಟ್ಟರೆ, ಹಳೆಯ ಗುರುತಿಗೂ ಹೊಸ ಗುರುತಿಗೂ ಇರುವ ವಿರೋಧವೇ ಅಳಿಸಿಹೋಗುತ್ತದೆ.

ಐದನೆಯದು ಜೀವನಭದ್ರತೆ. ಸರ್ಕಾರಿ ಸೇವೆಯಲ್ಲಿರುವವಳು ಉನ್ನತ ವ್ಯಾಸಂಗಕ್ಕೆ ಹೋದರೆ ವೇತನವೂ ಜ್ಯೇಷ್ಠತೆಯೂ ಉಳಿಯಬೇಕು. ಓದಿ ಹಿಂದಿರುಗಿದ ಮೇಲೆ ಕಲಿಸುವ ಹುದ್ದೆಯೇ ದೊರೆಯಬೇಕು. ಖಾಸಗಿ ಕಾಲೇಜಿನಲ್ಲಿ ಅಧ್ಯಾಪಕಿಯ ಸಂಬಳವು ವಾರ್ಡಿನ ಸಂಬಳಕ್ಕಿಂತ ಕಡಮೆಯಾಗಿರುವಾಗ, ತ್ಯಾಗಬುದ್ಧಿಯನ್ನು ಉಪದೇಶಿಸುವುದು ಸಭ್ಯವೂ ಅಲ್ಲ, ಫಲಕಾರಿಯೂ ಅಲ್ಲ.

ನಮ್ಮ ನಾಡಿಗೆ ವಿಶೇಷವಾದ ಇನ್ನೊಂದು ಅಂಶವನ್ನೂ ಇಲ್ಲಿ ಸೇರಿಸಬೇಕು. ತರಗತಿಯ ಭಾಷೆ ಇಂಗ್ಲಿಷು. ರೋಗಿಯ ಭಾಷೆ ಕಲಬುರಗಿಯದೋ ಮಂಡ್ಯದೋ ಕರಾವಳಿಯದೋ ಆದ ಕನ್ನಡ, ಅಥವಾ ತುಳು, ಕೊಡವ, ಉರ್ದು, ಲಂಬಾಣಿ. ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿನಿಯು ಮೊದಲ ವರ್ಷದ ಅಂಗರಚನಾಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಉರುಹೊಡೆಯುತ್ತಾಳೆ. ಹೊರರಾಜ್ಯದಿಂದ ಬಂದವಳಿಗೆ ರೋಗಿಯ ನೋವಿನ ಮಾತೇ ಅರ್ಥವಾಗುವುದಿಲ್ಲ. ಇವರಿಬ್ಬರನ್ನೂ ದಡಮುಟ್ಟಿಸಬಲ್ಲವಳು, ಜಿಲ್ಲಾ ಆಸ್ಪತ್ರೆಯಲ್ಲಿ ಸಾವಿರಾರು ರೋಗಿಗಳ ಮಾತನ್ನು ಕೇಳಿದ ಅನುಭವಿ ನರ್ಸು. ಆಕೆಯ ಇಂಗ್ಲಿಷು ಕುಂಟುವುದೆಂಬ ಒಂದೇ ಕಾರಣದಿಂದ ಆಕೆಯನ್ನು ಬೋಧನೆಗೆ ಯೋಗ್ಯಳಲ್ಲವೆಂದು ಭಾವಿಸುವ ಆಯ್ಕೆಸಮಿತಿಗಳು ತಾವು ಕಳೆದುಕೊಳ್ಳುತ್ತಿರುವುದು ಏನನ್ನೆಂದು ಲೆಕ್ಕ ಹಾಕಿ ನೋಡಬೇಕು.

ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಿ ಮುಗಿಸುತ್ತೇನೆ. ವಾರ್ಡುಗಳಲ್ಲಿ ನರ್ಸುಗಳೇ ಸಾಲದಿರುವಾಗ ಒಳ್ಳೆಯವರನ್ನು ಆರಿಸಿ ಕಾಲೇಜಿಗೆ ಒಯ್ಯುವುದು ರೋಗಿಗೆ ದ್ರೋಹವಲ್ಲವೆ ಎಂದು ಆಸ್ಪತ್ರೆಯ ಆಡಳಿತಗಾರರು ಕೇಳುತ್ತಾರೆ. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು ಎಂಬುದು ಪರಿಷತ್ತು ವಿಧಿಸಿರುವ ಪ್ರಮಾಣ. ಒಬ್ಬ ಪರಿಣತೆಯ ಕಣ್ಣು ಪ್ರತಿವರ್ಷ ಹತ್ತು ಮಂದಿಗೆ ಸಂಕ್ರಮಿಸಿದರೆ, ಆಕೆ ವಾರ್ಡಿನಲ್ಲಿಯೇ ಉಳಿದು ನಿವೃತ್ತಳಾಗುವುದಕ್ಕಿಂತ ರೋಗಿಗೇ ಹೆಚ್ಚಿನ ಲಾಭವಲ್ಲವೆ? ಜಂಟಿ ಹುದ್ದೆಯಾದರೆ ವಾರ್ಡು ಆಕೆಯನ್ನು ಪೂರ್ತಿಯಾಗಿ ಕಳೆದುಕೊಳ್ಳುವುದೂ ಇಲ್ಲ.

1947ರ ಕಾನೂನಿನ ಸ್ಥಾನದಲ್ಲಿ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಹೊಸ ಕಾನೂನು ಬಂದಿದೆ. ನಿಯಮಗಳು ಹೊಸದಾಗಿ ರೂಪುಗೊಳ್ಳುವ ಈ ಸಂದರ್ಭದಲ್ಲಿ ಅಧ್ಯಾಪಕಿಯ ಅರ್ಹತೆಯನ್ನು ಪದವಿಪತ್ರದಿಂದ ಮಾತ್ರವೇ ಅಳೆಯದೆ, ವಾರ್ಡಿನಲ್ಲಿ ಕಳೆದ ವರ್ಷಗಳಿಗೂ ತಕ್ಕ ಬೆಲೆ ಕಟ್ಟಬೇಕೆಂದು ನಿಯಮಕರ್ತರಲ್ಲಿ ನನ್ನ ವಿಜ್ಞಾಪನೆ. ಪ್ರಾಚಾರ್ಯರಲ್ಲಿ ನನ್ನ ಬಿನ್ನಹವೇನೆಂದರೆ, ಬರುವ ಜೂನಿನಲ್ಲಿ ನಿಮ್ಮ ಕಾಲೇಜಿಗೆ ಸೇರುವ ಹೊಸ ಅಧ್ಯಾಪಕಿಗೆ ವೇಳಾಪಟ್ಟಿಯನ್ನು ಕೊಡುವ ಮುನ್ನ ಮಾರ್ಗದರ್ಶಿಯೊಬ್ಬರನ್ನು ಕೊಡಿರಿ. ದತ್ತಿಗಳನ್ನು ಸ್ಥಾಪಿಸುವ ಉದಾರಿಗಳು ಉಪನ್ಯಾಸಗಳಿಗೆ ಕೊಟ್ಟಂತೆಯೇ, ಓದಲು ಹೊರಟ ಹಿರಿಯ ನರ್ಸೊಬ್ಬಳ ಎರಡು ವರ್ಷದ ಸಂಸಾರವೆಚ್ಚಕ್ಕೂ ಒಂದು ದತ್ತಿಯನ್ನು ಮೀಸಲಿಡಲಿ. ಮತ್ತು ಈ ಸಭೆಯಲ್ಲಿರುವ ಹಿರಿಯ ಸಿಸ್ಟರುಗಳಲ್ಲಿ ಒಂದು ಮಾತು: ಕಲಿಸುವುದು ಓದಿದವರ ಕೆಲಸ, ನಮ್ಮದಲ್ಲ ಎಂದು ಹಿಂಜರಿಯಬೇಡಿರಿ. ನಿಮ್ಮ ಕೈಯಲ್ಲಿರುವ ವಿದ್ಯೆ ನಿಮ್ಮೊಡನೆಯೇ ನಿವೃತ್ತವಾಗಬಾರದು. ಅರ್ಜಿಯನ್ನು ಹಾಕಿರಿ, ಕಾಲೇಜಿನ ಬಾಗಿಲನ್ನು ತಟ್ಟಿರಿ. ಅದನ್ನು ತೆರೆಯುವುದು ನಮ್ಮ ಕರ್ತವ್ಯ.